ಆಸ್ಕರ್ ಮೀನಿಗೆ ಕೋಳಿ ಅಂಗಡಿ ವೇಸ್ಟು ಹಾಕ್ಬಹುದಾ?

ಮೀನು ಸಾಕೋರ ಪ್ರಶ್ನೋತ್ತರ

ಈ ಸಲ ಬಂದಿರೋ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಆಸ್ಕರ್, ಅರೋವಾನ, ಫ್ಲವರ್‌ಹಾರ್ನ್ ಅಂತ ಮರಿಯಾಗಿದ್ದಾಗ ಮುದ್ದಾಗಿದೆ ಅಂತ ತಂದಿರ್ತೀರ, ಆರು ತಿಂಗಳಿಗೆ ಅದು ಅಂಗೈ ಮೀರಿ ಬೆಳೆದು ಪೆಲೆಟ್ (ಮೀನಿನ ಒಣ ಕಾಳು) ಡಬ್ಬಾನ ಪುರಿ ತಿಂದಂಗೆ ಖಾಲಿ ಮಾಡ್ತಿರುತ್ತೆ, ಆಮೇಲೆ ಕಡಿಮೆ ಖರ್ಚಲ್ಲಿ ಮಾಂಸ ಏನ್ ಹಾಕ್ಬಹುದು ಅಂತ ಕೇಳ್ತೀರ. ಅದಕ್ಕೇ ಈ ಸಂಚಿಕೆ ಪೂರ್ತಿ ಮಾಂಸದ್ದೇ.

ಪ್ರಶ್ನೆ: ಅಣ್ಣಾ, ನನ್ ಹತ್ರ ಎರಡು ಆಸ್ಕರ್ ಇದಾವೆ, ಎರಡೂ ಎಂಟಿಂಚು ಆಗ್ಬಿಟ್ಟಿದಾವೆ, ಮೂರಡಿ ಟ್ಯಾಂಕು. ಪೆಲೆಟ್‌ಗೆ ದುಡ್ಡು ಸಾಕಾಗ್ತಿಲ್ಲ. ನಮ್ಮ ಬೀದಿ ಕೋಳಿ ಅಂಗಡಿಯವ್ರು ಚರ್ಮ, ಕರುಳು, ಲಿವರ್ ಚೂರು ಎಲ್ಲಾ ಫ್ರೀಯಾಗಿ ಕೊಡ್ತಾರೆ. ಒಂದು ವಾರ ಹಾಕ್ದೆ, ಗಬಗಬ ಅಂತ ತಿಂದ್ವು, ಆದ್ರೆ ನೀರು ಮಜ್ಜಿಗೆ ಥರ ಆಗಿ ವಾಸ್ನೆ ಹೊಡೀತಿದೆ. ಅಮ್ಮ ಟ್ಯಾಂಕೇ ಹೊರಗೆ ಹಾಕ್ತೀನಿ ಅಂತಿದಾರೆ. ಏನ್ ಮಾಡ್ಲಿ? (ಚಿಂತಾಮಣಿ)

ಉತ್ತರ: ಅಮ್ಮ ಹೇಳ್ತಿರೋದ್ರಲ್ಲಿ ನ್ಯಾಯ ಇದೆ ತಮ್ಮಾ. ಮೊದಲು ಆ ವೇಸ್ಟು ತರೋದು ನಿಲ್ಸು, ಇವತ್ತೇ. ನಾಳೆ, ನಾಡಿದ್ದು ಎರಡು ದಿನ ಮೀನಿಗೆ ಏನೂ ಹಾಕ್ಬೇಡ, ಎಂಟಿಂಚಿನ ಆಸ್ಕರ್ ಎರಡು ದಿನ ಉಪವಾಸ ಇದ್ರೆ ಏನೂ ಆಗಲ್ಲ, ಅದು ನಿನ್ನ ನೋಡಿ ಗ್ಲಾಸಿಗೆ ಮೂತಿ ಉಜ್ಜಿ ನಾಟಕ ಮಾಡುತ್ತೆ ಅಷ್ಟೇ. ದಿನಾ ಮೂರರಲ್ಲಿ ಒಂದು ಪಾಲು ನೀರು ತೆಗೆದು ಹೊಸದು ಹಾಕು. ಮುನಿಸಿಪಾಲಿಟಿ ನಲ್ಲಿ ನೀರಾದ್ರೆ ಕ್ಲೋರಿನ್ ಹೋಗೋಕೆ ಡ್ರಮ್ಮಲ್ಲಿ ಒಂದು ದಿನ ಏರ್ ಪಂಪ್ ಹಾಕಿಟ್ಟು ಆಮೇಲೆ ಹಾಕು, ಬೋರ್‌ವೆಲ್ ನೀರಾದ್ರೂ ಹಾಗೇ ಇಟ್ಟು ಹಾಕೋದು ಒಳ್ಳೇದು. ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ಉಜ್ಜಬೇಡ, ಟ್ಯಾಂಕಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡು ಸಾಕು, ಕೊಳೆ ತಿನ್ನೋ ಒಳ್ಳೇ ಬ್ಯಾಕ್ಟೀರಿಯಾ ಇರೋದೇ ಅದರಲ್ಲಿ.

ಈಗ ಯಾಕೆ ಹಂಗಾಯ್ತು ಅಂತ ಕೇಳು. ಕೋಳಿ ಚರ್ಮದಲ್ಲಿ ಕೊಬ್ಬು ತುಂಬಾ ಜಾಸ್ತಿ. ಮೀನು ತಣ್ಣನೆ ರಕ್ತದ ಪ್ರಾಣಿ, ನದೀಲಿ ಅದಕ್ಕೆ ಸಿಗೋದು ಸಣ್ಣ ಮೀನು, ಸಿಗಡಿ, ಹುಳ, ಇವುಗಳ ಕೊಬ್ಬು ತಣ್ಣೀರಲ್ಲೂ ತೆಳ್ಳಗೇ ಇರುತ್ತೆ. ಕೋಳಿ, ಕುರಿದು ಹಂಗಲ್ಲ, ನೀರಲ್ಲಿ ಜಿಡ್ಡಾಗಿ ನಿಂತ್ಕೊಳ್ಳುತ್ತೆ, ಮೀನಿನ ಹೊಟ್ಟೇಲೂ ಸರಿಯಾಗಿ ಕರಗಲ್ಲ, ತಿಂಗಳುಗಟ್ಟಲೆ ಹಾಕಿದ್ರೆ ಲಿವರ್ ಮೇಲೆ ಕೊಬ್ಬು ಕೂರುತ್ತೆ, ಹೊರಗಿಂದ ನೋಡಿದ್ರೆ ಮೀನು ಗುಂಡಗೆ ಚೆನ್ನಾಗಿದೆ ಅನ್ಸುತ್ತೆ, ಒಂದು ದಿನ ಬೆಳಿಗ್ಗೆ ತೇಲ್ತಿರುತ್ತೆ. ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದು ನೀರಿನ ಮೇಲ್ಭಾಗ ಓರೆಯಾಗಿ ನೋಡು, ಸಾರಿನ ಮೇಲೆ ಎಣ್ಣೆ ತೇಲ್ದಂಗೆ ಬಣ್ಣಬಣ್ಣದ ಪೊರೆ ಕಾಣುತ್ತೆ. ಆ ಪೊರೆ ಇದ್ರೆ ಗಾಳಿ ನೀರೊಳಗೆ ಸರಿಯಾಗಿ ಇಳಿಯಲ್ಲ. ಹಳೇ ನ್ಯೂಸ್‌ಪೇಪರ್ ಹಾಳೆ ನೀರಿನ ಮೇಲೆ ಹಾಸಿ ಮೆಲ್ಲಗೆ ಎಳ್ಕೋ, ಜಿಡ್ಡು ಅದಕ್ಕೇ ಅಂಟ್ಕೊಂಡು ಬರುತ್ತೆ.

ಮಜ್ಜಿಗೆ ಥರ ಅಂದ್ಯಲ್ಲ, ಅದು ಬ್ಯಾಕ್ಟೀರಿಯಾ. ಉಳಿದ ಮಾಂಸ, ರಕ್ತ ಕೊಳೆತು ಅವು ಕೋಟಿಗಟ್ಟಲೆ ಹುಟ್ಟಿ ನೀರು ಬೆಳ್ಳಗೆ ಕಾಣುತ್ತೆ. ಜೊತೆಗೆ ಅಮೋನಿಯಾ. ಪ್ರೋಟೀನು ಮೀನು ತಿಂದ್ರೂ ಕಿವಿರಿಂದ ಅಮೋನಿಯಾ ಆಗೇ ಹೊರಗೆ ಬರುತ್ತೆ, ತಿನ್ನದೆ ಕೊಳೆತ್ರೂ ಅಮೋನಿಯಾನೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಬೋರ್‌ವೆಲ್ ನೀರು ಗಡಸು ಜಾಸ್ತಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ ಏಳರ ಮೇಲೇ. ಪಿಎಚ್ ಏಳರಿಂದ ಎಂಟಕ್ಕೆ ಹೋದ್ರೆ ಅಮೋನಿಯಾದಲ್ಲಿ ವಿಷದ ಪಾಲು ಹೆಚ್ಚುಕಮ್ಮಿ ಹತ್ತು ಪಟ್ಟಾಗುತ್ತೆ. ಅದಕ್ಕೇ ಮೆತ್ತನೆ ನೀರಿರೋ ಊರಲ್ಲಿ ನಡೆಯೋ ಗಲೀಜು ನಮ್ಮ ಕಡೆ ನಡಿಯಲ್ಲ. ಇನ್ನೊಂದು ವಿಷಯ, ಮೂರಡಿ ಟ್ಯಾಂಕು ಅಂದ್ರೆ ಸುಮಾರು ನೂರೈವತ್ತು ಲೀಟರು, ಎರಡು ಆಸ್ಕರ್‌ಗೆ ಮುನ್ನೂರು ಲೀಟರಾದ್ರೂ ಬೇಕು. ಪೆಲೆಟ್ ಉಳಿಸಿದ ದುಡ್ಡಲ್ಲಿ ಮೊದಲು ಅದನ್ನ ನೋಡು.

ಹಂಗಾದ್ರೆ ಅಗ್ಗದ ಮಾಂಸನೇ ಬೇಡ್ವಾ ಅಂದ್ರೆ, ಬೇಕು, ಆದ್ರೆ ತಗೊಳ್ಳೋ ಭಾಗ ಬೇರೆ. ಕೋಳಿ ಅಂಗಡೀಲಿ ಚರ್ಮ, ಕರುಳು ಬಿಟ್ಟು ಬರೀ ಹಾರ್ಟ್ ಕೇಳು, ಬಹಳ ಕಡೆ ಅದನ್ನ ಲಿವರ್ ಜೊತೆ ಸೇರಿಸಿ ಕಡಿಮೆ ರೇಟಿಗೆ ಕೊಡ್ತಾರೆ. ಹಾರ್ಟಿನ ಮೇಲ್ಗಡೆ ಕಿರೀಟದಂಗೆ ಹಳದಿ ಕೊಬ್ಬು ಇರುತ್ತೆ, ಅದನ್ನೂ ಬಿಳಿ ನರಗಳನ್ನೂ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ ಒಳಗಿರೋ ಹೆಪ್ಪುಗಟ್ಟಿದ ರಕ್ತ ತೊಳೆದ್ಬಿಟ್ರೆ ಉಳಿಯೋದು ಶುದ್ಧ ಸ್ನಾಯು. ಹೊರದೇಶದ ಮೀನು ಪುಸ್ತಕಗಳಲ್ಲಿ ಡಿಸ್ಕಸ್ ಮೀನಿಗೆ ದನದ ಹಾರ್ಟ್ ಅಂತ ಬರೀತಾರಲ್ಲ, ಅದೂ ಇದೇ ಲೆಕ್ಕ, ಕೊಬ್ಬು ಕಡಿಮೆ ಅಂತ. ಲಿವರ್ ತಿಂಗಳಿಗೆ ಒಂದು ಚೂರು ಸಾಕು, ವಿಟಮಿನ್ ಎ ಅದರಲ್ಲಿ ತುಂಬಾ ಜಾಸ್ತಿ, ನೀರನ್ನೂ ಕೆಂಪಗೆ ಮಾಡುತ್ತೆ.

ಆದ್ರೂ ನನ್ನ ಲೆಕ್ಕದಲ್ಲಿ ಮೀನಿಗೆ ಮೀನೇ ಸರಿ. ಸಂತೇಲಿ ಕೆರೆ ಜಿಲೇಬಿ ಮೀನು ಸಿಗುತ್ತಲ್ಲ, ಸಣ್ಣವು, ಮುಳ್ಳು ಜಾಸ್ತಿ ಅಂತ ಜನ ತಗೊಳ್ಳಲ್ಲ, ಸಾಯಂಕಾಲಕ್ಕೆ ಕೊಟ್ಟಷ್ಟಕ್ಕೆ ಕೊಟ್ಬಿಡ್ತಾರೆ, ಅದೇ ನಿನ್ನ ಮೀನಿಗೆ ಬಂಗಾರ. ಜೊತೆಗೆ ಸಣ್ಣ ಸಿಗಡಿ, ಸಿಪ್ಪೆ ಸಮೇತ, ಸಿಪ್ಪೇಲಿರೋ ಬಣ್ಣದಿಂದ ಆಸ್ಕರ್‌ದು ಕೆಂಪು ಮಚ್ಚೆ ಚೆನ್ನಾಗಿ ಬರುತ್ತೆ. ಒಣ ಸಿಗಡಿ ಬೇಡ, ಉಪ್ಪು ಹಾಕಿ ಒಣಗಿಸಿರ್ತಾರೆ.

ನಾನು ಮನೇಲಿ ಮಾಡೋದು ಹೀಗೆ. ಜಿಲೇಬಿದು ಮುಳ್ಳು, ಚರ್ಮ ತೆಗೆದ ಮಾಂಸ ಅರ್ಧ ಕೆಜಿ, ಸಿಗಡಿ ಇನ್ನೂರು ಗ್ರಾಂ, ಕೋಳಿ ಹಾರ್ಟು ನೂರು ಗ್ರಾಂ. ಎಲ್ಲಾನೂ ಇಡ್ಲಿ ಪಾತ್ರೇಲಿ ಏಳೆಂಟು ನಿಮಿಷ ಹಬೇಲಿ ಬೇಯಿಸ್ತೀನಿ. ಹಸೀದೇ ಹಾಕ್ಬೇಕು ಅಂತ ಕೆಲವರು ವಾದ ಮಾಡ್ತಾರೆ, ಮಾಡ್ಲಿ, ನಂಗೆ ಕೆರೆ ಮೀನಿನ ಹುಳದ ಭಯ, ಬೇಯಿಸಿದ್ರೆ ನೀರಿಗೆ ರಕ್ತಾನೂ ಬಿಡಲ್ಲ. ಆರಿದ ಮೇಲೆ ಮಿಕ್ಸೀಲಿ ಎರಡು ಸಲ ಟರ್ರ್ ಟರ್ರ್ ಅನ್ನಿಸಿ ನಿಲ್ಲಿಸ್ಬೇಕು, ಚಟ್ನಿ ಥರ ನುಣ್ಣಗೆ ಮಾಡಿದ್ರೆ ನೀರಿಗೆ ಬಿದ್ದ ತಕ್ಷಣ ಮೋಡ ಆಗುತ್ತೆ. ಅದಕ್ಕೆ ಒಂದು ಹಿಡಿ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಎರಡು ಹಿಡಿ ಪೆಲೆಟ್ ಪುಡಿ. ಪೆಲೆಟ್ ಯಾಕೆ ಅಂದ್ರೆ ವಿಟಮಿನ್ನು ಅದರಲ್ಲೇ ಇರುತ್ತೆ, ನಾವು ಮಾತ್ರೆ ಪುಡಿ ಮಾಡಿ ಡೋಸ್ ಲೆಕ್ಕ ಹಾಕೋ ರಗಳೆ ಇಲ್ಲ, ಮೀನಿಗೂ ಪೆಲೆಟ್ ರುಚಿ ಮರೆಯಲ್ಲ.

ಅಂಟಿಗೆ ಚೈನಾ ಗ್ರಾಸ್, ಹತ್ತು ಗ್ರಾಂ. ಮುನ್ನೂರು ಎಂಎಲ್ ನೀರಲ್ಲಿ ಕುದಿಸ್ಬೇಕು, ಒಂದು ಎಳೆನೂ ಕಾಣ್ಬಾರ್ದು ಅಷ್ಟು ಕರಗಬೇಕು. ಇಲ್ಲೇ ಎಲ್ಲರೂ ಎಡವೋದು, ಮಾಂಸಾನ ಫ್ರಿಡ್ಜಿಂದ ತಣ್ಣಗೆ ತೆಗೆದು ಅದರ ಮೇಲೆ ಚೈನಾ ಗ್ರಾಸ್ ಸುರಿದ್ರೆ ಅಲ್ಲಲ್ಲೇ ಗಂಟು ಗಂಟಾಗಿ ಹೆಪ್ಪುಗಟ್ಟಿಬಿಡುತ್ತೆ, ಯಾಕಂದ್ರೆ ಅದು ನಲವತ್ತು ಡಿಗ್ರಿ ಹತ್ರ ಬಂದ್ರೇನೇ ಗಟ್ಟಿ ಆಗೋಕೆ ಶುರು. ಮಾಂಸ ರೂಂ ಬಿಸೀಲಿ ಇರ್ಬೇಕು, ಸುರಿದು ಬೇಗ ಬೇಗ ಕಲಸ್ಬೇಕು. ಜೆಲಾಟಿನ್ ಬೇಡ, ನಮ್ಮ ಕಡೆ ಬೇಸಿಗೇಲಿ ಟ್ಯಾಂಕ್ ನೀರು ಮೂವತ್ತಕ್ಕೆ ಹೋಗುತ್ತೆ, ಜೆಲಾಟಿನ್ ಆ ಬಿಸಿಗೇ ಮೆತ್ತಗಾಗಿ ಬಿಟ್ಕೊಳ್ಳುತ್ತೆ. ಕಲಸಿದ್ದನ್ನ ಜಿಪ್ ಕವರಿಗೆ ಹಾಕಿ ಚಪಾತಿ ಥರ ತಟ್ಟಿ, ಕಿರುಬೆರಳ ದಪ್ಪ ಸಾಕು, ಮೇಲಿಂದ ಸ್ಕೇಲ್ ಒತ್ತಿ ಚೌಕ ಚೌಕ ಗೆರೆ ಹಾಕಿ ಫ್ರೀಜರಲ್ಲಿಡು. ಬೇಕಾದಾಗ ಚಾಕೊಲೇಟ್ ಮುರಿದಂಗೆ ಒಂದು ಚೌಕ ಟಪ್ ಅಂತ ಮುರ್ಕೊಬಹುದು. ಎರಡು ತಿಂಗಳೊಳಗೆ ಮುಗಿಸು.

ಮಿಕ್ಸಿ ಜಾರು ಮಾತ್ರ ಬೇರೆ ತಗೋ, ಹಳೇದೊಂದು. ನಮ್ಮನೇಲಿ ಒಂದೇ ಸಲ ಅಡುಗೆ ಜಾರ್ ಮುಟ್ಟಿದ್ದೆ, ಆ ಮಾತು ಇವತ್ತಿಗೂ ಹಬ್ಬದ ದಿನ ಎದ್ದು ಬರುತ್ತೆ.

ಹಾಕೋ ಲೆಕ್ಕ: ವಾರಕ್ಕೆ ಎರಡು ದಿನ ಇದು, ನಾಲ್ಕು ದಿನ ಪೆಲೆಟ್, ಒಂದು ದಿನ ಏನೂ ಇಲ್ಲ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ, ಉಳಿದಿದ್ದನ್ನ ಆವಾಗ್ಲೇ ಬಲೇಲಿ ತೆಗೆದ್ಬಿಡು. ಮಾಂಸ ಹಾಕಿದ ಮಾರನೇ ದಿನ ಪೈಪಲ್ಲಿ ತಳ ಎಳೆದು ಕಾಲುಭಾಗ ನೀರು ಬದಲಾಯ್ಸು. ಪೆಲೆಟ್ ಪೂರ್ತಿ ಬಿಟ್ಟು ಬರೀ ಮಾಂಸದಲ್ಲಿ ಸಾಕ್ತೀನಿ ಅಂತ ಹೋಗ್ಬೇಡ, ನೀರು ಗಲೀಜು, ವಿಟಮಿನ್ ಕೊರತೆ ಎರಡೂ ಸೇರಿದ್ರೆ ಆಸ್ಕರ್‌ಗೆ ತಲೆ ಮೇಲೆ ಗುಂಡಿ ಬೀಳೋ ಕಾಯಿಲೆ ಬರುತ್ತೆ, ಒಂದು ಸಲ ಆ ತೂತು ಬಿದ್ರೆ ವಾಸಿ ಆದ್ರೂ ಕಲೆ ಉಳಿಯುತ್ತೆ.

ಪ್ರಶ್ನೆ: ಸರ್, ನಮ್ಮದು ರೇಷ್ಮೆ ರೀಲಿಂಗ್ ಯೂನಿಟ್ಟು. ನೂಲು ತೆಗೆದ ಮೇಲೆ ಪ್ಯೂಪಾ (ಗೂಡಿನೊಳಗಿನ ಹುಳ) ದಿನಾ ಬುಟ್ಟಿಗಟ್ಟಲೆ ಉಳಿಯುತ್ತೆ. ಮನೇಲಿ ಹತ್ತಿಂಚಿನ ಸಿಲ್ವರ್ ಅರೋವಾನ ಇದೆ. ಅದಕ್ಕೆ ಇದನ್ನೇ ಹಾಕಿದ್ರೆ ಫುಡ್ ಖರ್ಚೇ ಇರಲ್ಲ ಅಲ್ವಾ? (ಶಿಡ್ಲಘಟ್ಟ)

ಉತ್ತರ: ನಿಮ್ಮ ಊರಲ್ಲಿ ಇದ್ಕೊಂಡು ಈ ಪ್ರಶ್ನೆ ಕೇಳ್ದೆ ಇದ್ದಿದ್ರೇ ಆಶ್ಚರ್ಯ. ಪ್ಯೂಪಾ ಒಳ್ಳೇ ಮಾಲು ಸರ್, ಅನುಮಾನ ಬೇಡ. ಒಣಗಿಸಿ ಲೆಕ್ಕ ಹಾಕಿದ್ರೆ ಅರ್ಧಕ್ಕರ್ಧ ಪ್ರೋಟೀನು, ಕೋಳಿ ಫೀಡಿಗೆ, ಮೀನಿನ ಫೀಡಿಗೆ ಸೇರಿಸ್ತಾರೆ ಅಂತ ನಿಮಗೇ ಗೊತ್ತು. ಅರೋವಾನ ಕಾಡಲ್ಲೂ ನೀರಿನ ಮೇಲೆ ಬಿದ್ದ ಹುಳ ಹುಪ್ಪಟೆ ತಿಂದೇ ಬದುಕೋದು, ಅದಕ್ಕೆ ಇದು ಹೊಸದೇನಲ್ಲ.

ತೊಂದರೆ ಇರೋದು ಎಣ್ಣೇಲಿ. ಒಣ ಪ್ಯೂಪಾದಲ್ಲಿ ಕಾಲುಭಾಗದಷ್ಟು ಕೊಬ್ಬೇ ಇರುತ್ತೆ, ಅದು ಗಾಳಿ ತಾಗಿದ್ರೆ ಬೇಗ ಕಮಟಾಗುತ್ತೆ. ನಿಮ್ಮ ಯೂನಿಟ್ ಹಿಂದೆ ಎರಡು ದಿನದ ರಾಶಿ ಪಕ್ಕ ನಿಂತು ನೋಡಿ, ಆ ಮೂಗಿಗೆ ಹೊಡೆಯೋ ವಾಸ್ನೆ ಇದೆಯಲ್ಲ, ಅದು ಬಂದ ಮೇಲೆ ಆ ಪ್ಯೂಪಾ ಮೀನಿಗೆ ಕೊಡೋ ಮಾಲಲ್ಲ. ಬೆಳಿಗ್ಗೆ ಬೇಸಿನ್ನಿಂದ ಆಗತಾನೇ ತೆಗೆದಿದ್ದನ್ನೇ ಹಿಡಿಯಷ್ಟು ಎತ್ಕೊಳ್ಳಿ. ಅಂಟಿರೋ ನೂಲು ಪೂರ್ತಿ ಬಿಡಿಸಿ, ಆ ಎಳೆ ಹೊಟ್ಟೇಲಿ ಸಿಕ್ಕಾಕ್ಕೊಂಡ್ರೆ ಕಷ್ಟ. ಬಿಸಿನೀರಲ್ಲಿ ಎರಡು ಮೂರು ಸಲ ತೊಳೆದು ಬಟ್ಟೇಲಿ ಒತ್ತಿ ಒರೆಸಿ, ಒಂದು ದಿನಕ್ಕೆ ಬೇಕಾದಷ್ಟು ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಫ್ರೀಜರಿಗೆ. ಹತ್ತಿಂಚಿನ ಮೀನಿಗೆ ಒಂದು ಸಲಕ್ಕೆ ಮೂರು ನಾಲ್ಕು, ವಾರಕ್ಕೆ ಎರಡೇ ಸಲ. ಉಳಿದ ದಿನ ತೇಲೋ ಪೆಲೆಟ್, ಸಿಗಡಿ, ಮೇಲೆ ಹೇಳಿರೋ ಜಿಲೇಬಿ.

ಇನ್ನೊಂದು, ಹುಳ ಸಾಕಾಣಿಕೆ ಮನೆಯಿಂದ ಸತ್ತ ಹುಳ ಬಿಟ್ಟಿಯಾಗಿ ಸಿಗುತ್ತೆ ಅಂತ ತರ್ಬೇಡಿ. ಕಾಯಿಲೆ ಬಂದು ಸತ್ತಿರುತ್ತೆ, ಮೇಲೆ ಸುಣ್ಣ, ಬ್ಲೀಚಿಂಗ್ ಪೌಡರ್ ಬಿದ್ದಿರುತ್ತೆ. ಹಾಗೇ ಟೊಮೆಟೊ ತೋಟದ ಮಿಡತೆ ಹಿಡಿದು ಹಾಕೋ ಹುಡುಗ್ರಿಗೂ ಹೇಳ್ತೀನಿ, ವಾರಕ್ಕೊಂದು ಔಷಧಿ ಹೊಡೆಯೋ ತೋಟದ್ದು ಬೇಡ್ವೇ ಬೇಡ. ಮತ್ತೆ ನಿಮ್ಮ ಟ್ಯಾಂಕಿಗೆ ಮುಚ್ಚಳ ಇದೆಯಾ? ಹುಳದ ರುಚಿ ಹತ್ತಿದ ಅರೋವಾನ ಕೈ ಕಂಡ್ರೆ ಹಾರುತ್ತೆ, ರಾತ್ರಿ ಹಲ್ಲಿ ಕಂಡ್ರೂ ಹಾರುತ್ತೆ. ಮುಚ್ಚಳದ ಮೇಲೆ ಒಂದು ಇಟ್ಟಿಗೆನೂ ಇಡಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮಗ ಗೊತ್ತಿಲ್ದೆ ಆಸ್ಕರ್ ಮರಿ ತಂದಿದಾನೆ. ಅಂಗಡಿಯವರು ಮಾಂಸ ಹಾಕ್ಲೇಬೇಕು ಅಂದ್ರಂತೆ. ನಮ್ಮತ್ತೆ ಮನೆಯೊಳಗೆ ಅದು ಬರಕೂಡದು ಅಂತಾರೆ. ಪನ್ನೀರ್, ಸೋಯಾ ಚಂಕ್ಸ್ ಹಾಕಿದ್ರೆ ಪ್ರೋಟೀನ್ ಸಿಗುತ್ತಲ್ಲ, ಸಾಕಾ? (ತಿಪಟೂರು)

ಉತ್ತರ: ಪನ್ನೀರ್ ಬೇಡಮ್ಮಾ. ಹಾಲಿನ ಕೊಬ್ಬು ಅದು, ಮೀನಿಗೆ ಹೊಂದಲ್ಲ, ನೀರಲ್ಲಿ ಪುಡಿಪುಡಿಯಾಗಿ ಮೊಸರಾಗುತ್ತೆ. ಸೋಯಾ ಚಂಕ್ಸು ಉಬ್ಬಿ ಹೊಟ್ಟೆ ಗಟ್ಟಿ ಮಾಡುತ್ತೆ, ಪೆಲೆಟಲ್ಲಿ ಸ್ವಲ್ಪ ಸೋಯಾ ಇರ್ಬಹುದು, ಅದು ಬೇರೆ ವಿಷಯ.

ಅಂಗಡಿಯವ್ರು ಹೇಳಿದ್ದು ಅರ್ಧ ಸತ್ಯ. ಆಸ್ಕರ್‌ಗೆ ಪ್ರಾಣಿ ಪ್ರೋಟೀನ್ ಬೇಕು, ಆದ್ರೆ ನೀವು ಮಾಂಸ ತಂದು ಕತ್ತರಿಸ್ಲೇಬೇಕು ಅಂತೇನಿಲ್ಲ. ಮರಿಯಿಂದ ಒಳ್ಳೇ ಸಿಕ್ಲಿಡ್ (ಆಸ್ಕರ್ ಸೇರೋ ಜಾತಿ) ಪೆಲೆಟ್ ಅಭ್ಯಾಸ ಮಾಡಿಸಿದ್ರೆ ಇಡೀ ಜೀವನ ಅದರಲ್ಲೇ ಚೆನ್ನಾಗಿ ಬಾಳುತ್ತೆ, ಹತ್ತು ವರ್ಷ ದಾಟಿ ಬದುಕೋ ಮೀನು ಅದು. ಡಬ್ಬದ ಹಿಂದೆ ಪ್ರೋಟೀನ್ ನಲವತ್ತು ಪರ್ಸೆಂಟ್ ಮೇಲಿರೋದು ನೋಡಿ. ಸುಳ್ಳು ಹೇಳಲ್ಲ, ಆ ಪೆಲೆಟಲ್ಲಿ ಇರೋದೂ ಮೀನಿನ ಪುಡಿನೇ, ಅತ್ತೆಯವರಿಗೆ ಅದನ್ನ ಹೇಳೋದು ಬಿಡೋದು ನಿಮ್ಮ ಮನೆ ವ್ಯವಹಾರ. ಡಬ್ಬಾನ ಅಡುಗೆಮನೇಲಿ ಇಡ್ದೆ ಟ್ಯಾಂಕ್ ಸ್ಟ್ಯಾಂಡ್ ಕೆಳಗಿಟ್ರೆ ಬಹಳ ಮನೆಗಳಲ್ಲಿ ರಾಜಿ ಆಗುತ್ತೆ. ಅದೂ ಆಗಲ್ಲ ಅಂದ್ರೆ ಮರಿ ಸಣ್ಣದಿರುವಾಗ್ಲೇ ಅಂಗಡಿಗೆ ವಾಪಸ್ ಕೊಟ್ಟು ಸಿಲ್ವರ್ ಡಾಲರ್ ಥರ ಸೊಪ್ಪು ತಿನ್ನೋ ಮೀನು ತನ್ನಿ, ಪಾಲಕ್, ಸೌತೆಕಾಯಿ ಎಲ್ಲಾ ಚೆನ್ನಾಗಿ ತಿನ್ನುತ್ತೆ, ಅತ್ತೆಯವರೇ ಹಾಕ್ಬಹುದು.

ಪ್ರಶ್ನೆ: ದೊಡ್ಡ ಮೀನಿಗೆ ತಿನ್ನಿಸೋಕೆ ಅಂತ ಮಾರೋ ಫೀಡರ್ ಗೋಲ್ಡ್‌ಫಿಶ್ ತಂದು ಹಾಕ್ತಿದ್ದೆ, ಈಗ ನನ್ನ ಫ್ಲವರ್‌ಹಾರ್ನ್ ಮೈಮೇಲೆ ರವೆ ಉದುರಿಸ್ದಂಗೆ ಬಿಳಿ ಚುಕ್ಕೆ. (ಮಾಲೂರು)

ಉತ್ತರ: ರವೆ ಅಂದ್ರಲ್ಲ, ಸರಿಯಾದ ಮಾತು, ಅದು ವೈಟ್ ಸ್ಪಾಟ್. ಆ ಗೋಲ್ಡ್‌ಫಿಶ್ ಜೊತೇಲೇ ಬಂದಿರೋದು. ಅಗ್ಗದ ಫೀಡರ್ ಮೀನನ್ನ ಒಂದು ತೊಟ್ಟೀಲಿ ನೂರಾರು ತುಂಬಿ ಇಟ್ಟಿರ್ತಾರೆ, ಒಂದಕ್ಕೆ ಬಂದ್ರೆ ಎಲ್ಲಕ್ಕೂ ಬಂತು. ಟ್ಯಾಂಕ್ ನೀರನ್ನ ಹೀಟರ್ ಹಾಕಿ ನಿಧಾನಕ್ಕೆ, ದಿನಕ್ಕೆ ಒಂದೆರಡು ಡಿಗ್ರಿ ಲೆಕ್ಕದಲ್ಲಿ ಮೂವತ್ತಕ್ಕೆ ಏರಿಸಿ, ಏರ್ ಪಂಪ್ ಜೋರು ಮಾಡಿ, ಅಂಗಡೀಲಿ ಸಿಗೋ ವೈಟ್ ಸ್ಪಾಟ್ ಔಷಧಿನ ಡಬ್ಬದ ಮೇಲೆ ಬರೆದಷ್ಟು ದಿನ ಪೂರ್ತಿ ಹಾಕಿ, ಚುಕ್ಕೆ ಉದುರಿತು ಅಂತ ಮಧ್ಯಕ್ಕೆ ಬಿಡ್ಬೇಡಿ, ಉದುರಿದ ಮೇಲೇ ಅದು ತಳದಲ್ಲಿ ಮರಿ ಮಾಡೋದು. ಅಲ್ದೆ ಗೋಲ್ಡ್‌ಫಿಶ್, ಗೆಂಡೆ ಜಾತಿ ಮೀನುಗಳಲ್ಲಿ ಥಯಾಮಿನೇಸ್ ಅಂತ ಒಂದು ಕಿಣ್ವ ಇದೆ, ವಿಟಮಿನ್ ಬಿ1 ಅನ್ನ ಒಡೆದ್ಹಾಕುತ್ತೆ. ದಿನಾ ಅದನ್ನೇ ಹಸಿಯಾಗಿ ತಿಂದ ಮೀನು ಕೊನೆಗೆ ಊಟ ಬಿಟ್ಟು ಓರೆಯಾಗಿ ಈಜೋಕೆ ಶುರು ಮಾಡುತ್ತೆ. ಬೇಯಿಸಿದ್ರೆ ಆ ಕಿಣ್ವ ಹೋಗುತ್ತೆ, ಹಾಗಾಗಿ ಸಂತೆ ಮೀನು ಹಬೇಲಿ ಬೇಯಿಸಿ ಹಾಕೋದೇ ಸಲೀಸು.

ಪ್ರಶ್ನೆ: ಮಾಂಸದ ರುಚಿ ಹತ್ತಿ ನನ್ನ ಮೀನು ಪೆಲೆಟ್ ಬಾಯಿಗೆ ಹಾಕ್ಕೊಂಡು ಥೂ ಅಂತ ಉಗಿಯುತ್ತೆ. (ಗುಬ್ಬಿ)

ಉತ್ತರ: ಮಕ್ಕಳಿಗೆ ಚಿಪ್ಸ್ ಹತ್ತಿದಂಗೆ. ದೊಡ್ಡ, ಆರೋಗ್ಯವಾಗಿರೋ ಮೀನಾದ್ರೆ ಮೂರು ದಿನ ಏನೂ ಹಾಕ್ಬೇಡಿ. ನಾಲ್ಕನೇ ದಿನ ಪೆಲೆಟನ್ನ ಸಿಗಡಿ ಬೇಯಿಸಿದ ನೀರಲ್ಲಿ ಎರಡು ನಿಮಿಷ ನೆನೆಸಿ ನಾಲ್ಕೇ ಕಾಳು ಹಾಕಿ. ಉಗಿದ್ರೆ ತೆಗೆದು ಮಾರನೇ ದಿನ ಮತ್ತೆ. ಮನೆಯವ್ರು ಯಾರೂ ಕರುಣೆ ತೋರಿಸಿ ಕದ್ದು ಮಾಂಸ ಹಾಕ್ದೆ ಇದ್ರೆ ಒಂದು ವಾರದೊಳಗೆ ದಾರಿಗೆ ಬರುತ್ತೆ.

ಪ್ರಶ್ನೆ: ಕರೆಂಟ್ ಹೋಗಿ ಫ್ರೀಜರಲ್ಲಿದ್ದ ಮೀನಿನ ಫುಡ್ ಕರಗಿಬಿಟ್ಟಿದೆ. ಮತ್ತೆ ಗಟ್ಟಿ ಮಾಡಿ ಬಳಸ್ಬಹುದಾ? (ಪಾವಗಡ)

ಉತ್ತರ: 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ತಾಲ್ಲೂಕಿಂದ ಕರೆಂಟಿನ ಪ್ರಶ್ನೆ ಬಂತಲ್ಲ! ಮುಟ್ಟಿ ನೋಡಿ, ಒಳಗೆ ಇನ್ನೂ ಐಸ್ ಇದ್ದು ಗಟ್ಟಿ ಇದ್ರೆ ಮತ್ತೆ ಫ್ರೀಜ್ ಮಾಡ್ಬಹುದು. ಪೂರ್ತಿ ಮೆತ್ತಗಾಗಿ ನೀರು ಬಿಟ್ಟಿದ್ರೆ ಎಸೆದ್ಬಿಡಿ. ಫ್ರೀಜರು ಬ್ಯಾಕ್ಟೀರಿಯಾನ ಸಾಯ್ಸಲ್ಲ, ಮಲಗಿಸುತ್ತೆ ಅಷ್ಟೇ, ಕರಗಿದ ತಕ್ಷಣ ಎದ್ದು ಕೆಲಸ ಶುರು ಮಾಡ್ತಾವೆ. ಅದಕ್ಕೇ ಒಂದೇ ಸಲ ಎರಡು ಕೆಜಿ ಮಾಡಿಡ್ಬೇಡಿ.

ಪ್ರಶ್ನೆ: ಕ್ಯಾಟ್‌ಫಿಶ್ ಸಾಕೋರು ಹೊಂಡಕ್ಕೆ ಟ್ರಾಲಿಗಟ್ಟಲೆ ಕೋಳಿ ವೇಸ್ಟ್ ಸುರೀತಾರೆ, ಅವು ಚೆನ್ನಾಗೇ ಬೆಳೀತಾವಲ್ಲ, ನಮ್ಮ ಮೀನಿಗೆ ಮಾತ್ರ ಯಾಕೆ ಬೇಡ? (ಕೋಲಾರ)

ಉತ್ತರ: ಅದು ಆಫ್ರಿಕನ್ ಕ್ಯಾಟ್‌ಫಿಶ್ಶು, ಕೆಸರಲ್ಲಿ ಆಮ್ಲಜನಕ ಇಲ್ದಿದ್ರೂ ಮೇಲೆ ಬಂದು ಗಾಳಿ ಕುಡಿದು ಬದುಕುತ್ತೆ, ನಿಮ್ಮ ಆಸ್ಕರ್‌ಗೆ ಆ ಸೌಕರ್ಯ ಇಲ್ಲ. ಅಲ್ದೆ ಆ ಮೀನು ಸಾಕೋದನ್ನ 2000ದಲ್ಲೇ ನಿಷೇಧ ಮಾಡಿದಾರೆ, ನಮ್ಮ ಕೆರೆ ಮೀನನ್ನೆಲ್ಲ ನುಂಗಿ ಹಾಕುತ್ತೆ ಅಂತ. ಅವರನ್ನ ನೋಡಿ ಕಲಿಯೋದು ಬೇಡ. ನಿಮ್ಮ ಮೀನು ಟ್ಯಾಂಕಿಗೆ ದೊಡ್ಡದಾಯ್ತು ಅಂತ ಕೆರೆಗೆ ಬಿಡೋದಂತೂ ಬೇಡ್ವೇ ಬೇಡ, ಬೇರೆ ಸಾಕೋರಿಗೆ ಕೊಡಿ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸು. ಭಾನುವಾರ ನನ್ನ ತಮ್ಮ ಆಸ್ಕರ್‌ಗೆ ಚಿಕನ್ ಕಬಾಬ್ ಪೀಸ್ ಹಾಕ್ಬಿಟ್ಟ. ಒಂದು ತಿಂತು, ಒಂದು ಎಲ್ಲೋ ಹೋಯ್ತು. ಸಾಯುತ್ತಾ? (ಗೌರಿಬಿದನೂರು)

ಉತ್ತರ: ಒಂದು ಪೀಸಿಗೆ ಸಾಯಲ್ಲ ಪುಟ್ಟಾ, ಹೆದರ್ಬೇಡ. ಎಣ್ಣೆ, ಖಾರ, ಉಪ್ಪು, ಕಲರ್ರು ಎಲ್ಲಾ ಇರುತ್ತೆ ಅದರಲ್ಲಿ, ಅದಕ್ಕೆ ಎರಡು ದಿನ ಊಟ ಹಾಕ್ಬೇಡ, ಅಪ್ಪನ ಹತ್ರ ಹೇಳಿ ಮೂರರಲ್ಲಿ ಒಂದು ಪಾಲು ನೀರು ಬದಲಾಯ್ಸು. ಹೊಟ್ಟೆ ಉಬ್ಬಿ ತಳದಲ್ಲೇ ಕೂತಿದ್ರೆ ಇನ್ನೂ ಒಂದು ದಿನ ಉಪವಾಸ ಇಡು. ಎಲ್ಲೋ ಹೋಯ್ತು ಅಂದ್ಯಲ್ಲ ಇನ್ನೊಂದು ಪೀಸು, ಅದು ಫಿಲ್ಟರ್ ಹಿಂದೆ ಇಲ್ಲಾ ಕಲ್ಲಿನ ಸಂದೀಲಿ ಕೂತಿರುತ್ತೆ, ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನ ಹುಡುಕಿ ತೆಗಿ.